ನಾಲ್ಕನೇ ತರಗತಿಗೆ ಕ್ಯಾಲ್ಕುಲೇಟರ್ ಬೇಕಾ? ಸ್ಕೂಲಿನವರು ತರಲು ಹೇಳಿದ್ದಾರೆ

ಮೈಸೂರು_ಅಮ್ಮ
ಎಲ್ಲರಿಗೂ ನಮಸ್ಕಾರ. ಮಗ ನಾಲ್ಕನೇ ತರಗತಿ, ಖಾಸಗಿ ಸ್ಕೂಲು. ಗಣಿತದ ಪೀರಿಯಡ್‌ಗೆ ಪ್ರತಿ ಮಗುವೂ ಒಂದು ಸಾದಾ ಕ್ಯಾಲ್ಕುಲೇಟರ್ ತರಬೇಕು ಅಂತ ಡೈರಿಯಲ್ಲಿ ಬರೆದು ಕಳಿಸಿದ್ದಾರೆ. ಯಾಕೆ, ಯಾವ ಪಾಠಕ್ಕೆ, ದಿನಾ ತರಬೇಕಾ, ಏನೂ ಬರೆದಿಲ್ಲ. ಇವನಿಗೆ ಏಳು, ಎಂಟರ ಮಗ್ಗಿ ಇನ್ನೂ ಗಟ್ಟಿಯಾಗಿಲ್ಲ. ದಶಕ ತೆಗೆದುಕೊಂಡು ಕಳೆಯುವ ಲೆಕ್ಕದಲ್ಲಿ ಈಗಲೂ ತಡವರಿಸುತ್ತಾನೆ. ಇಂಥ ಹೊತ್ತಲ್ಲಿ ಕೈಗೆ ಮಷೀನ್ ಕೊಟ್ಟರೆ ಕಲಿಯುವುದನ್ನೇ ಬಿಟ್ಟುಬಿಡುತ್ತಾನೆ ಅಂತ ನನಗೆ ಭಯ. ನಮ್ಮ ಮನೆಯವರು ಮಾತ್ರ "ಫೋನಲ್ಲೇ ಇದೆ, ಇವತ್ತಲ್ಲ ನಾಳೆ ಬಳಸುತ್ತಾನೆ, ಸ್ಕೂಲಲ್ಲೇ ಸರಿಯಾಗಿ ಕಲಿಸಲಿ ಬಿಡು" ಅನ್ನುತ್ತಾರೆ. ಶನಿವಾರ ಪೇರೆಂಟ್ಸ್ ಮೀಟಿಂಗ್. ಅಲ್ಲಿ ಸುಮ್ನೆ ಜಗಳ ಬೇಡ, ವಿಷಯ ತಿಳಿದುಕೊಂಡು ಮಾತಾಡಬೇಕು. ಶಿಕ್ಷಕರು, ಹೊರದೇಶದಲ್ಲಿ ಮಕ್ಕಳನ್ನು ಓದಿಸುತ್ತಿರುವವರು ಯಾರಾದರೂ ಇದ್ದರೆ ಹೇಳಿ.

ಅಜ್ಜನ_ಮಗ್ಗಿ
ಬೇಡವೇ ಬೇಡ. ಮೊದಲು ಇಪ್ಪತ್ತರ ತನಕ ಮಗ್ಗಿ ಬಾಯಿಗೆ ಬರಲಿ. ನಮ್ಮ ಕಾಲದಲ್ಲಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಕೂಡ ಹೇಳಿಸುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಜೋರಾಗಿ ಹೇಳಬೇಕು. ಹಾಗೆ ಕಲಿತವರು ಈಗಲೂ ಅಂಗಡಿಯಲ್ಲಿ ಬಿಲ್ ಬರುವ ಮೊದಲೇ ಮೊತ್ತ ಹೇಳುತ್ತಾರೆ.

ಬೆಳಗಾವಿ_ಹುಡುಗಿ
@ಅಜ್ಜನ_ಮಗ್ಗಿ ಮಗ್ಗಿ ಬೇಕು, ಒಪ್ಪಿದೆ. ಆದರೆ ಮಗ್ಗಿ ಹೇಳುವುದೂ ಗಣಿತ ಗೊತ್ತಿರುವುದೂ ಒಂದೇ ಅಲ್ಲ ಸರ್. ನಮ್ಮ ಪಕ್ಕದ ಮನೆ ಹುಡುಗ "ಏಳೆಂಟ್ಲಿ ಐವತ್ತಾರು" ಅಂತ ಪಟಪಟ ಹೇಳುತ್ತಾನೆ. ಏಳೆಂಟ್ಲಿ ಮರೆತುಹೋದರೆ ಏಳೇಳ್ಲಿ ನಲವತ್ತೊಂಬತ್ತಕ್ಕೆ ಇನ್ನೊಂದು ಏಳು ಸೇರಿಸಿದರೆ ಸಾಕು ಅನ್ನೋದು ಅವನಿಗೆ ಗೊತ್ತಿಲ್ಲ. ಮತ್ತೆ ಏಳೊಂದ್ಲಿಯಿಂದ ಶುರು ಮಾಡುತ್ತಾನೆ.

ಸಿಇಟಿ_ಅಪ್ಪ
ಇಷ್ಟೆಲ್ಲ ಚರ್ಚೆ ಯಾಕೆ? ಸಿಇಟಿಗೆ ಕ್ಯಾಲ್ಕುಲೇಟರ್ ಬಿಡುವುದಿಲ್ಲ, ಜೆಇಇಗೂ ಬಿಡುವುದಿಲ್ಲ. ಕೈಲಿ ಲೆಕ್ಕ ಮಾಡುವ ಅಭ್ಯಾಸ ತಪ್ಪಿದರೆ ಅಲ್ಲಿ ಟೈಮ್ ಸಾಲುವುದಿಲ್ಲ. ಮುಗೀತು.

ಬೆಳಗಾವಿ_ಹುಡುಗಿ
ಒಂಬತ್ತು ವರ್ಷದ ಮಗುವಿಗೆ ಈಗಲೇ ಸಿಇಟಿನಾ! ಗೇಟ್ ಪರೀಕ್ಷೆಯಲ್ಲಿ ಸ್ಕ್ರೀನ್ ಮೇಲೆ ಕ್ಯಾಲ್ಕುಲೇಟರ್ ಅವರೇ ಕೊಡುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯೋಣವಾ?

ಸಿಇಟಿ_ಅಪ್ಪ
ಗೇಟ್ ಬರೆಯುವುದು ಇಂಜಿನಿಯರಿಂಗ್ ಆದ ಮೇಲೆ. ಅಷ್ಟು ಹೊತ್ತಿಗೆ ಅಡಿಪಾಯ ಆಗಿರುತ್ತದೆ. ನಾನು ಹೇಳುತ್ತಿರುವುದೂ ಅದೇ.

ಲೆಕ್ಕದ_ಮೇಷ್ಟ್ರು
ನಾನು ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಅಮ್ಮನವರೇ, ನಿಮ್ಮ ಭಯ ಸುಳ್ಳಲ್ಲ. ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ನೋಡಿ. ಮಗು ಗುಂಡಿ ಒತ್ತುವ ಮೊದಲು ಅದರ ತಲೆಯಲ್ಲಿ ಏನಾಗುತ್ತದೆ ಅನ್ನೋದು ಮುಖ್ಯ. 48 × 52 ಅಂದ ಕೂಡಲೇ "ಐವತ್ತೈವತ್ತು ಎರಡೂವರೆ ಸಾವಿರ, ಅದರ ಹತ್ತಿರ ಬರಬೇಕು" ಅಂತ ಅಂದಾಜು ಮಾಡುವ ಮಗುವಿಗೆ ಕ್ಯಾಲ್ಕುಲೇಟರ್ ಕೊಟ್ಟರೆ ಏನೂ ಹಾನಿಯಿಲ್ಲ. 2496 ಬಂದರೆ ನಂಬುತ್ತದೆ, ಬೆರಳು ಜಾರಿ 24960 ಬಂದರೆ ಅನುಮಾನ ಪಡುತ್ತದೆ. ಆ ಅಂದಾಜು ಇಲ್ಲದ ಮಗುವಿಗೆ ಎರಡೂ ಒಂದೇ. ಅದು ಪರದೆ ಮೇಲೆ ಬಂದದ್ದನ್ನು ಪುಸ್ತಕಕ್ಕೆ ಇಳಿಸುತ್ತದೆ, ಅಷ್ಟೇ.

ನಾಲ್ಕನೇ ತರಗತಿಯ ಹೆಚ್ಚಿನ ಮಕ್ಕಳಿಗೆ ಆ ಅಂದಾಜು ಇನ್ನೂ ಕೂತಿರುವುದಿಲ್ಲ. ಆ ವಯಸ್ಸಿಗೆ ಬೇಕಾಗಿರುವುದು ಕೈಯಲ್ಲಿ ಮುಟ್ಟಿ ನೋಡುವ ವಸ್ತು. ನಮ್ಮ ಶಾಲೆಗಳಿಗೆ ಅಕ್ಷರ ಫೌಂಡೇಶನ್ನಿನ ಗಣಿತ ಕಲಿಕಾ ಆಂದೋಲನದ ಕಿಟ್ ಬಂತಲ್ಲ, ಅದರಲ್ಲಿ ಮಣಿಚೌಕಟ್ಟು, ಬಿಡಿ-ಹತ್ತು-ನೂರರ ತುಂಡುಗಳು, ಭಿನ್ನರಾಶಿ ಪಟ್ಟಿಗಳು, ಆಟದ ನೋಟು, ನಾಣ್ಯ ಎಲ್ಲ ಇವೆ. ಹತ್ತು ಬಿಡಿ ಕೊಟ್ಟು ಒಂದು ಹತ್ತರ ಕಡ್ಡಿ ತೆಗೆದುಕೊಂಡ ಮಗುವಿಗೆ ದಶಕ ಅಂದರೇನು ಅಂತ ಬೇರೆ ಹೇಳಬೇಕಾಗಿಲ್ಲ. ಕ್ಯಾಲ್ಕುಲೇಟರ್ ಇದನ್ನು ತೋರಿಸುವುದೇ ಇಲ್ಲ. ಉತ್ತರ ಮಾತ್ರ ತೋರಿಸುತ್ತದೆ, ಒಳಗೆ ಏನಾಯಿತು ಅನ್ನೋದು ಮುಚ್ಚಿಹೋಗುತ್ತದೆ.

ಹಾಗಂತ ಪೂರ್ತಿ ನಿಷೇಧದ ಪರವೂ ನಾನಿಲ್ಲ. ಮೀಟಿಂಗಲ್ಲಿ "ಯಾಕೆ ತರಿಸಿದಿರಿ" ಅಂತ ಕೇಳಬೇಡಿ, "ಅದನ್ನಿಟ್ಟುಕೊಂಡು ಏನು ಮಾಡಿಸುತ್ತೀರಿ" ಅಂತ ಕೇಳಿ. ಉತ್ತರ ಸರಿಯಾಗಿದೆಯಾ ಅಂತ ನೋಡಿಕೊಳ್ಳಲು ಅಂದರೆ ಬೇಡ ಅನ್ನಿ. ಸಂಖ್ಯೆಗಳ ಆಟ, ವಿನ್ಯಾಸ ಹುಡುಕುವುದು ಅಂದರೆ ಖುಷಿಯಿಂದ ಒಪ್ಪಿಕೊಳ್ಳಿ.

ತುಂಗಾತೀರ
ಗುರುಗಳೇ, ಚೆನ್ನಾಗಿ ಹೇಳಿದಿರಿ. ಆದರೆ ಉತ್ತರ ಸರಿ ನೋಡಿಕೊಳ್ಳೋದರಲ್ಲಿ ಏನು ತಪ್ಪು? ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿರುತ್ತಾರೆ, ಹೇಳಿಕೊಡೋರು ಯಾರೂ ಇರುವುದಿಲ್ಲ. ಮಗು ತಾನೇ ಮಾಡಿ, ತಾನೇ ತಾಳೆ ನೋಡಿಕೊಂಡರೆ ಒಳ್ಳೆಯದಲ್ವಾ?

ಲೆಕ್ಕದ_ಮೇಷ್ಟ್ರು
ಮೊದಲು ಮಾಡಿ ಆಮೇಲೆ ನೋಡುವುದಾದರೆ ಒಳ್ಳೆಯದೇ. ಆ ವಯಸ್ಸಿನಲ್ಲಿ ಕ್ರಮ ಉಲ್ಟಾ ಆಗಿಬಿಡುತ್ತದೆ ಅನ್ನೋದೇ ತೊಂದರೆ. ಮೊದಲು ಗುಂಡಿ, ಆಮೇಲೆ ಆ ಉತ್ತರ ಬರುವ ಹಾಗೆ ಸಾಲು ಸಾಲಾಗಿ ಬರೆಯುವುದು. ಅದರ ಬದಲು ತಾಳೆ ನೋಡುವುದನ್ನೇ ಲೆಕ್ಕದಿಂದ ಕಲಿಸಬಹುದು. ಕಳೆದ ಲೆಕ್ಕವನ್ನು ಕೂಡಿ ನೋಡು, ಭಾಗಿಸಿದ್ದನ್ನು ಗುಣಿಸಿ ನೋಡು. ಅದಕ್ಕೆ ಮಷೀನ್ ಬೇಡ, ಜೊತೆಗೆ ಇನ್ನೊಂದು ಲೆಕ್ಕ ಅಭ್ಯಾಸವೂ ಆಯಿತು.

ಓದುಗ_77
ಇದರ ಬಗ್ಗೆ ಸಂಶೋಧನೆ ಬೇಕಾದಷ್ಟು ಆಗಿದೆ. ಅಮೆರಿಕದ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿ 1980ರಲ್ಲೇ ಎಲ್ಲ ತರಗತಿಗಳಲ್ಲೂ ಕ್ಯಾಲ್ಕುಲೇಟರ್ ಬಳಸಿ ಅಂತ ಶಿಫಾರಸು ಮಾಡಿತು. ದೊಡ್ಡ ಗಲಾಟೆಯೂ ಆಯಿತು. 1986ರಲ್ಲಿ ಹೆಂಬ್ರಿ ಮತ್ತು ಡೆಸಾರ್ಟ್ ಅನ್ನುವ ಇಬ್ಬರು 79 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮಾಮೂಲಿ ಪಾಠದ ಜೊತೆಗೇ ಕ್ಯಾಲ್ಕುಲೇಟರ್ ಬಳಸಿದರೆ ಸಾಧಾರಣ ಮಕ್ಕಳ ಕಾಗದ-ಪೆನ್ಸಿಲ್ ಲೆಕ್ಕ ಕೆಡುವುದಿಲ್ಲ, ಸ್ವಲ್ಪ ಸುಧಾರಿಸುತ್ತದೆ ಅಂತಲೇ ಅವರಿಗೆ ಕಂಡಿತು. ಆದರೆ ಒಂದು ತರಗತಿ ಮಾತ್ರ ಇದಕ್ಕೆ ಹೊರತು. ಯಾವುದು ಗೊತ್ತಾ? ನಾಲ್ಕನೇ ತರಗತಿ! ಅಲ್ಲಿ ಸತತವಾಗಿ ಬಳಸಿದರೆ ಮೂಲ ಲೆಕ್ಕದ ಕೌಶಲಕ್ಕೆ ಹಾನಿ ಅಂತ ಬಂತು.

ಮೈಸೂರು_ಅಮ್ಮ
ಅಯ್ಯೋ, ಸರಿಯಾಗಿ ನಮ್ಮ ತರಗತಿಯೇ! ಯಾಕೆ ಹಾಗೆ?

ಓದುಗ_77
ನನಗೆ ಅನ್ನಿಸುವುದು ಹೇಳುತ್ತೇನೆ. ಉದ್ದ ಗುಣಾಕಾರ, ಭಾಗಾಕಾರ ಎರಡೂ ಗಟ್ಟಿಯಾಗುವ ಹೊತ್ತು ಅದು. ಕಲಿಯುತ್ತಿರುವಾಗಲೇ ಅಡ್ಡದಾರಿ ಸಿಕ್ಕರೆ ಕಲಿಕೆ ಅರ್ಧಕ್ಕೆ ನಿಲ್ಲುತ್ತದೆ. ಆದರೆ ಒಂದು ಮಾತು, ಆ ಅಧ್ಯಯನ ತುಂಬ ಹಳೆಯದು, ಅಮೆರಿಕದ ಮಕ್ಕಳದ್ದು. ಮೀಟಿಂಗಲ್ಲಿ ಅದನ್ನೇ ಬ್ರಹ್ಮಾಸ್ತ್ರ ಮಾಡಿಕೊಳ್ಳಬೇಡಿ.

ಸಿಂಗಾಪುರದಿಂದ
ನನ್ನ ಮಕ್ಕಳು ಇಲ್ಲಿನ ಸ್ಥಳೀಯ ಶಾಲೆಯಲ್ಲಿ ಓದುತ್ತಿದ್ದಾರೆ. ಗಣಿತದಲ್ಲಿ ಸಿಂಗಾಪುರದ ಹೆಸರು ಎಲ್ಲರೂ ಹೇಳುತ್ತಾರಲ್ಲ, ಇಲ್ಲಿ ಪ್ರೈಮರಿ ಒಂದರಿಂದ ನಾಲ್ಕರ ತನಕ ಕ್ಯಾಲ್ಕುಲೇಟರ್ ಇಲ್ಲ. ಐದು, ಆರಕ್ಕೆ ಮಾತ್ರ. ಆರನೇ ವರ್ಷದ ಕೊನೆಯ ದೊಡ್ಡ ಪರೀಕ್ಷೆಯಲ್ಲಿ ಎರಡು ಪತ್ರಿಕೆ ಇರುತ್ತದೆ. ಮೊದಲನೆಯದಕ್ಕೆ ಕ್ಯಾಲ್ಕುಲೇಟರ್ ಇಲ್ಲ, ಎರಡನೆಯದಕ್ಕೆ ಇದೆ. 2009ರಿಂದ ಹೀಗೇ ನಡೆಯುತ್ತಿದೆ. ಎರಡನೇ ಪತ್ರಿಕೆ ಸುಲಭ ಅಂದುಕೊಳ್ಳಬೇಡಿ, ಅದೇ ಜಾಸ್ತಿ ಕಷ್ಟ. ಲೆಕ್ಕ ಮಾಡುವುದು ಮಷೀನಿಗೆ ಬಿಟ್ಟು, ಯಾವ ಲೆಕ್ಕ ಮಾಡಬೇಕು ಅನ್ನೋದನ್ನು ಮಗುವಿನ ಹತ್ತಿರ ಕೇಳುತ್ತಾರೆ. ಚೌಕ ಚೌಕ ಪಟ್ಟಿ ಬರೆದು ಬಿಡಿಸುವ ಲೆಕ್ಕಗಳು, ದೊಡ್ಡವರಾದ ನಮಗೇ ಬೆವರು ಬರುತ್ತದೆ.

ಲೀಡ್ಸ್_ಕನ್ನಡಿಗ
ಇಂಗ್ಲೆಂಡಿನಲ್ಲಿ ಇದರ ಉಲ್ಟಾ ನಡೆಯಿತು. ಇಲ್ಲಿ ಎಂಬತ್ತರ ದಶಕದಲ್ಲಿ ಚಿಕ್ಕ ಮಕ್ಕಳಿಗೂ ಕ್ಯಾಲ್ಕುಲೇಟರ್ ಕೊಟ್ಟು, ಯಾವಾಗ ಬೇಕಾದರೂ ಬಳಸಿ ಅಂತ ಬಿಟ್ಟ ಒಂದು ದೊಡ್ಡ ಪ್ರಯೋಗ ನಡೆದಿತ್ತು. ಹಿಲರಿ ಶುವಾರ್ಡ್ ಅನ್ನುವವರು ಮುಂದೆ ನಿಂತು ಮಾಡಿಸಿದ್ದು. ಅಲ್ಲಿ ಕೆಳಗೆ ಕೆಳಗೆ ಬರೆದು ಮಾಡುವ ಲೆಕ್ಕವನ್ನು ಕಲಿಸಲೇ ಇಲ್ಲ, ಮಕ್ಕಳು ತಮ್ಮದೇ ಬಾಯಿಲೆಕ್ಕದ ದಾರಿ ಕಂಡುಕೊಳ್ಳಲಿ ಅನ್ನೋದು ಉದ್ದೇಶ. ಈಗ ಗಾಳಿ ಪೂರ್ತಿ ತಿರುಗಿದೆ. 11 ವರ್ಷದ ಮಕ್ಕಳ ರಾಷ್ಟ್ರೀಯ ಪರೀಕ್ಷೆಯಿಂದ 2014ರಲ್ಲಿ ಕ್ಯಾಲ್ಕುಲೇಟರ್ ತೆಗೆದರು. ಅದರ ಮೇಲೆ ನಾಲ್ಕನೇ ವರ್ಷದ ಮಕ್ಕಳಿಗೆ ಮಗ್ಗಿ ಪರೀಕ್ಷೆ ಬೇರೆ. ಕಂಪ್ಯೂಟರ್ ಮುಂದೆ 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡ್, ಹನ್ನೆರಡರ ಮಗ್ಗಿ ತನಕ. ನನ್ನ ಮಗಳು ಹಿಂದಿನ ರಾತ್ರಿ ನಿದ್ದೆ ಮಾಡಲಿಲ್ಲ.

ಅಜ್ಜನ_ಮಗ್ಗಿ
ನೋಡಿ, ಇಂಗ್ಲೆಂಡಿನವರೂ ಕೊನೆಗೆ ಮಗ್ಗಿಗೇ ಬಂದರು.

ಲೀಡ್ಸ್_ಕನ್ನಡಿಗ
ಬಂದರು ಸರ್, ಆದರೆ 6 ಸೆಕೆಂಡಿನ ಗಡಿಯಾರ ಬೇಕಿತ್ತಾ? ಮಗಳಿಗೆ ಮಗ್ಗಿ ಗೊತ್ತು. ಗಡಿಯಾರ ಓಡುವುದನ್ನು ನೋಡಿದರೆ ಕೈ ನಡುಗುತ್ತದೆ. ಗಣಿತ ಅಂದರೆ ಓಟದ ಪಂದ್ಯ ಅಂತ ಅವಳ ತಲೆಯಲ್ಲಿ ಕೂತುಬಿಟ್ಟಿದೆ, ಅದನ್ನು ತೆಗೆಯಲು ನಾನು ಈಗಲೂ ಒದ್ದಾಡುತ್ತಿದ್ದೇನೆ.

ಕಿರಾಣಿ_ಅಂಗಡಿ
ದಾವಣಗೆರೆಯಿಂದ. ನಮ್ಮ ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿ ತನಕ ಕ್ಯಾಲ್ಕುಲೇಟರ್ ಸದ್ದೇ. ಅದಿಲ್ಲದೆ ವ್ಯಾಪಾರ ಆಗುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಹಳೇ ಕೆಲಸದವರಿಗೂ ಹೊಸ ಹುಡುಗರಿಗೂ ಒಂದು ವ್ಯತ್ಯಾಸ ಇದೆ. 45 ರೂಪಾಯಿ ಒತ್ತುವಾಗ 450 ಬಿದ್ದರೆ ಹಳಬರು ಮೊತ್ತ ನೋಡಿದ ಕೂಡಲೇ "ಎಲ್ಲೋ ತಪ್ಪಿದೆ" ಅನ್ನುತ್ತಾರೆ. ಹೊಸ ಹುಡುಗರು ಅದೇ ಮೊತ್ತವನ್ನು ಗಿರಾಕಿಗೆ ಹೇಳಿಬಿಡುತ್ತಾರೆ, ಗಿರಾಕಿ ಬೈದ ಮೇಲೆ ಗೊತ್ತಾಗುವುದು. ಹತ್ತನೇ ತರಗತಿ ಪಾಸಾದ ಹುಡುಗರು! ಮೇಷ್ಟ್ರು ಹೇಳಿದ ಅಂದಾಜು ಅಂದರೆ ಇದೇ. ಸಂಬಳ ಕೊಡುವವನು ನಾನು, ನನಗೆ ಬೇಕಾಗಿರುವುದೂ ಅದೇ.

ತುಂಗಾತೀರ
ಅಣ್ಣ, ಒಂದು ಹಳೇ ಅನುಮಾನ. ಅಂಗಡಿ ಕ್ಯಾಲ್ಕುಲೇಟರಲ್ಲಿ ಜಿಟಿ ಅಂತ ಒಂದು ಗುಂಡಿ ಇರುತ್ತಲ್ಲ, ಅದೇನು?

ಕಿರಾಣಿ_ಅಂಗಡಿ
ಒಟ್ಟು ಮೊತ್ತ. ಐದು ಕೆಜಿ ಅಕ್ಕಿ ಗುಣಿಸಿ ಸಮ ಒತ್ತಿ, ಎರಡು ಕೆಜಿ ಬೇಳೆ ಗುಣಿಸಿ ಸಮ ಒತ್ತಿ, ಕೊನೆಗೆ ಜಿಟಿ ಒತ್ತಿದರೆ ಎಲ್ಲ ಸಮಗಳನ್ನೂ ಕೂಡಿಸಿ ಕೊಡುತ್ತದೆ. ನಮ್ಮ ಕೆಲಸ ಅರ್ಧ ಆಗುವುದು ಅದರಿಂದಲೇ.

ಓದುಗ_77
ವ್ಯಾಪಾರದ ಮಾತು ಬಂತು ಅಂತ ಹೇಳುತ್ತೇನೆ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ನೊಬೆಲ್ ಬಂದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತಿತರರು ಮಾಡಿದ್ದು. ಕೋಲ್ಕತ್ತಾ, ದೆಹಲಿಯ ಸಂತೆಗಳಲ್ಲಿ ಮಾರಾಟಕ್ಕೆ ಕೂರುವ ಮಕ್ಕಳು ಗಿರಾಕಿಗೆ ಕಷ್ಟದ ಲೆಕ್ಕವನ್ನೂ ಬಾಯಲ್ಲೇ ಮಾಡಿ ಹೇಳುತ್ತಾರೆ. ಅದೇ ಮಕ್ಕಳಿಗೆ ಶಾಲೆಯ ಹಾಗೆ ಕಾಗದದ ಮೇಲೆ ಲೆಕ್ಕ ಬರೆದುಕೊಟ್ಟರೆ ಹೆಚ್ಚಿನವರಿಗೆ ಆಗುವುದಿಲ್ಲ. ಶಾಲೆಗೆ ಹೋಗುವ, ವ್ಯಾಪಾರ ಮಾಡದ ಮಕ್ಕಳದ್ದು ಉಲ್ಟಾ. ಕಾಗದದ ಮೇಲೆ ಮಾಡುತ್ತಾರೆ, ಸಂತೆಯ ಲೆಕ್ಕ ಕೊಟ್ಟರೆ ಕಕ್ಕಾಬಿಕ್ಕಿ. ಇಬ್ಬರ ಕೈಯಲ್ಲೂ ಕ್ಯಾಲ್ಕುಲೇಟರ್ ಇಲ್ಲ, ನೆನಪಿರಲಿ. ಹಾಗಾದರೆ ಕ್ಯಾಲ್ಕುಲೇಟರನ್ನು ದೂರಿ ಏನು ಬಂತು?

ಲೆಕ್ಕದ_ಮೇಷ್ಟ್ರು
ಇದನ್ನು ನಾನು ದಿನಾ ನೋಡುತ್ತೇನೆ. ನಮ್ಮ ಹಳ್ಳಿ ಹುಡುಗರಿಗೆ ಅಡಿಕೆ ಧಾರಣೆ ಗೊತ್ತು, ಡೈರಿಗೆ ಹಾಕಿದ ಹಾಲಿಗೆ ಎಷ್ಟು ದುಡ್ಡು ಬರಬೇಕು ಅಂತ ಗೊತ್ತು. ಬೋರ್ಡ್ ಮೇಲೆ ಬರೆದರೆ ಬಾಯಿ ಕಟ್ಟುತ್ತದೆ. ಅದಕ್ಕೇ ನಾನು ಬಿಸಿಯೂಟದಿಂದ ಶುರು ಮಾಡುತ್ತೇನೆ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ. ಇವತ್ತು 43 ಮಕ್ಕಳು ಬಂದಿದ್ದಾರೆ, ಎಷ್ಟು ಅಕ್ಕಿ ತೂಗಬೇಕು? ಆರನೇ ತರಗತಿಯಿಂದ ಮೇಲಿನವರಿಗೆ 150 ಗ್ರಾಂ, ಅವರನ್ನೂ ಸೇರಿಸಿದರೆ? ಮಕ್ಕಳೇ ಹೇಳಬೇಕು, ಆಮೇಲೆ ಅಡುಗೆಯವರ ತೂಕದ ಜೊತೆ ತಾಳೆ ನೋಡಬೇಕು. ತಿಂಗಳ ಕೊನೆಯ ಲೆಕ್ಕಕ್ಕೆ ನಾನೂ ಕ್ಯಾಲ್ಕುಲೇಟರ್ ಹಿಡಿಯುತ್ತೇನೆ, ಮಕ್ಕಳ ಎದುರಿಗೇ.

ಅಜ್ಜನ_ಮಗ್ಗಿ
ಶಕುಂತಲಾ ದೇವಿ ನಮ್ಮ ಬೆಂಗಳೂರಿನವರು. 1982ರಲ್ಲಿ ಲಂಡನ್ನಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಯಾವ ಮಷೀನ್ ಇತ್ತು?

ಓದುಗ_77
ಗುಣಿಸಿದ್ದು 1980ರ ಜೂನ್ 18, ಇಂಪೀರಿಯಲ್ ಕಾಲೇಜಿನಲ್ಲಿ. 1982 ಅಂದರೆ ಗಿನ್ನೆಸ್ ಪುಸ್ತಕದಲ್ಲಿ ಬಂದ ವರ್ಷ.

ಬೆಳಗಾವಿ_ಹುಡುಗಿ
ಅವರ ಬಗ್ಗೆ ಹೆಮ್ಮೆ ಇದೆ. ಆದರೆ ಕೋಟಿಗೆ ಒಬ್ಬರನ್ನು ತೋರಿಸಿ ಕ್ಲಾಸಿನ ನಲವತ್ತು ಮಕ್ಕಳಿಗೆ ನಿಯಮ ಮಾಡುವುದು ಸರಿಯಾ? ಉಸೇನ್ ಬೋಲ್ಟ್ ಓಡುತ್ತಾನೆ ಅಂತ ನಾವು ಬಸ್ ಹತ್ತುವುದು ಬಿಡುತ್ತೇವಾ?

ಹೆಸರು_ಬೇಡ
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಒಂದು ಮಾತು ಹೇಳಲೇಬೇಕು. ನನ್ನ ಮಗಳಿಗೆ ಡಿಸ್ಕ್ಯಾಲ್ಕ್ಯುಲಿಯಾ ಇದೆ, ಅಂದರೆ ಸಂಖ್ಯೆ, ಲೆಕ್ಕ ಕಲಿಯುವುದರಲ್ಲೇ ಇರುವ ತೊಂದರೆ. ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡಿ ಬರೆದುಕೊಟ್ಟಿದ್ದಾರೆ. ಕಥೆ ಬರೆಯುತ್ತಾಳೆ, ಚಿತ್ರ ಬರೆಯುತ್ತಾಳೆ, ವಿಜ್ಞಾನ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾಳೆ. ಏಳಕ್ಕೆ ಎಂಟು ಕೂಡು ಅಂದರೆ ಬೆರಳು ಎಣಿಸುತ್ತಾಳೆ, ನಾಳೆ ಕೇಳಿದರೆ ಮತ್ತೆ ಎಣಿಸುತ್ತಾಳೆ. ವರ್ಷಗಟ್ಟಲೆ ಮಗ್ಗಿ ಹೇಳಿಸಿದೆವು. ಹಿಂದಿನ ಸ್ಕೂಲಿನಲ್ಲಿ ಮಗ್ಗಿ ಬರಲಿಲ್ಲ ಅಂತ ಬೆಂಚ್ ಮೇಲೆ ನಿಲ್ಲಿಸುತ್ತಿದ್ದರು. ಈಗಿನ ಟೀಚರ್ ಕ್ಯಾಲ್ಕುಲೇಟರ್ ಕೊಟ್ಟ ಮೇಲೆ ಅವಳು ಮೊದಲ ಸಲ ಒಂದು ಹೇಳಿಕೆ ಲೆಕ್ಕವನ್ನು ಪೂರ್ತಿ ಮಾಡಿದಳು. ಯಾವುದನ್ನು ಕೂಡಬೇಕು, ಯಾವುದನ್ನು ಭಾಗಿಸಬೇಕು ಅನ್ನೋದು ಅವಳಿಗೆ ಮೊದಲಿಂದಲೂ ಗೊತ್ತಿತ್ತು. ಅಲ್ಲಿಗೆ ಹೋಗಲು ನಾವೇ ಬಿಟ್ಟಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. ಸಿಬಿಎಸ್‌ಇಯವರು ಇಂಥ ಮಕ್ಕಳಿಗೆ ಬೋರ್ಡ್ ಪರೀಕ್ಷೆಯಲ್ಲೂ ಸಾದಾ ಕ್ಯಾಲ್ಕುಲೇಟರ್ ಬಿಡುತ್ತಾರೆ. "ಬೇಡವೇ ಬೇಡ" ಅನ್ನುವ ಮೊದಲು ಕ್ಲಾಸಿನಲ್ಲಿ ಇಂಥ ಒಂದೆರಡು ಮಕ್ಕಳು ಇರಬಹುದು ಅಂತ ನೆನಪಿಡಿ.

ಅಜ್ಜನ_ಮಗ್ಗಿ
ತಾಯೀ, ನಿಮ್ಮ ಮಗಳಿಗೆ ಖಂಡಿತ ಬೇಕು. ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳಿದ್ದು ಉಳಿದ ಮಕ್ಕಳ ಬಗ್ಗೆ.

ಮೈಸೂರು_ಅಮ್ಮ
@ಹೆಸರು_ಬೇಡ ಬರೆದದ್ದಕ್ಕೆ ಧನ್ಯವಾದ ಅಕ್ಕ. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮೀಟಿಂಗಲ್ಲಿ ಎಲ್ಲರಿಗೂ ನಿಲ್ಲಿಸಿ ಅಂತ ನಾನು ಕೇಳುವುದಿಲ್ಲ. ಮೇಷ್ಟ್ರೇ, ಸಂಖ್ಯೆಗಳ ಆಟ ಅಂದಿರಲ್ಲ, ಒಂದೆರಡು ಹೇಳಿ. ಟೀಚರ್‌ಗೆ ತೋರಿಸಿ ಮಾತಾಡಿದರೆ ಅವರಿಗೂ ಬೇಜಾರಾಗುವುದಿಲ್ಲ.

ಲೆಕ್ಕದ_ಮೇಷ್ಟ್ರು
ಮೊದಲನೆಯದು, ಗುಂಡಿ ಕೆಟ್ಟಿದೆ ಅನ್ನುವ ಆಟ. 7ರ ಗುಂಡಿ ಕೆಟ್ಟಿದೆ, ಈಗ 47 + 38 ಮಾಡು. ಮಗು 46 + 39 ಒತ್ತಬೇಕು, ಇಲ್ಲವಾದರೆ 48 + 38 ಒತ್ತಿ ಒಂದು ಕಳೆಯಬೇಕು. ಯೋಚನೆ ಪೂರ್ತಿ ಮಗುವಿನದು, ಮಷೀನ್ ಸುಮ್ನೆ ಜೊತೆಗಿರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ ಇದೇ.

ಇನ್ನೊಂದು, 4 + ಒತ್ತಿ ಸಮ ಸಮ ಸಮ ಒತ್ತುತ್ತಾ ಹೋಗುವುದು. ಕೆಲವು ಮಾದರಿಗಳಲ್ಲಿ + ಎರಡು ಸಲ ಒತ್ತಬೇಕು. 4, 8, 12 ಅಂತ ಮಗ್ಗಿ ತಾನೇ ಬೆಳೆಯುತ್ತದೆ. ಮುಂದಿನದು ಏನು ಬರುತ್ತದೆ ಅಂತ ಒತ್ತುವ ಮೊದಲೇ ಹೇಳಬೇಕು, ಅದೇ ಆಟ. ಮಗ್ಗಿ ಗಟ್ಟಿಯಾಗಿಲ್ಲ ಅಂದಿರಲ್ಲ, ನಿಮ್ಮ ಮಗನಿಗೆ ಇದು ಸರಿಹೋಗುತ್ತದೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಕಪ್ರೇಕರ್ ಸ್ಥಿರಾಂಕದ ಆಟ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು ಕಪ್ರೇಕರ್. ಆರನೇ ತರಗತಿಯ ಹೊಸ ಎನ್‌ಸಿಇಆರ್‌ಟಿ ಪುಸ್ತಕದಲ್ಲೂ ಇದು ಇದೆ. ಯಾವುದಾದರೂ ನಾಲ್ಕಂಕಿ ಸಂಖ್ಯೆ ತೆಗೆದುಕೊಳ್ಳಿ, 3524 ಅನ್ನಿ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಅದರಿಂದ ಕಳೆಯಿರಿ. 5432 − 2345 = 3087. ಮತ್ತೆ 8730 − 0378 = 8352. ಮತ್ತೆ 8532 − 2358 = 6174. ಎಲ್ಲಿಂದ ಶುರು ಮಾಡಿದರೂ ಏಳು ಹೆಜ್ಜೆಯೊಳಗೆ 6174ಕ್ಕೆ ಬಂದು ನಿಲ್ಲುತ್ತದೆ. ಕೈಯಲ್ಲಿ ಕಳೆಯುತ್ತಾ ಹೋದರೆ ಎರಡನೇ ಸಂಖ್ಯೆಗೇ ಮಕ್ಕಳು ಸುಸ್ತಾಗುತ್ತಾರೆ. ಕ್ಯಾಲ್ಕುಲೇಟರ್ ಇದ್ದರೆ ಹತ್ತಾರು ಸಂಖ್ಯೆ ಹಾಕಿ ನೋಡುತ್ತಾರೆ, "ಯಾಕೆ ಹೀಗೆ" ಅಂತ ಅವರೇ ಕೇಳುತ್ತಾರೆ.

ತುಂಗಾತೀರ
ಈಗಷ್ಟೇ ಮಾಡಿ ನೋಡಿದೆ. ಮೈ ಜುಂ ಅಂದಿತು! 2222 ಹಾಕಿದರೆ ಮಾತ್ರ ಸೊನ್ನೆ ಬರುತ್ತಿದೆಯಲ್ಲ?

ಲೆಕ್ಕದ_ಮೇಷ್ಟ್ರು
ನಾಲ್ಕೂ ಅಂಕಿ ಒಂದೇ ಆಗಿದ್ದರೆ ಆಗುವುದಿಲ್ಲ, ಕನಿಷ್ಠ ಎರಡು ಬೇರೆ ಅಂಕಿ ಇರಬೇಕು. ಮಕ್ಕಳೇ ಅದನ್ನು ಕಂಡುಹಿಡಿಯಲಿ ಅಂತ ನಾನು ಮೊದಲೇ ಹೇಳುವುದಿಲ್ಲ.

ಸಿಇಟಿ_ಅಪ್ಪ
ಆಟ ಎಲ್ಲ ಚೆನ್ನಾಗಿದೆ ಸರ್. ಆದರೆ 25 ಭಾಗಿಸು 4 ಅಂತ ಒತ್ತಿದರೆ 6.25 ಬರುತ್ತದೆ. ದಶಮಾಂಶ ಗೊತ್ತಿಲ್ಲದ ನಾಲ್ಕನೇ ತರಗತಿ ಮಗುವಿಗೆ ಆ ಚುಕ್ಕೆ ಏನು ಅಂತ ಹೇಗೆ ಹೇಳುತ್ತೀರಿ? ಅದಕ್ಕೆ ಗೊತ್ತಿರುವುದು ಆರು, ಶೇಷ ಒಂದು.

ಲೆಕ್ಕದ_ಮೇಷ್ಟ್ರು
ಒಳ್ಳೆಯ ಮಾತು. ಅದಕ್ಕೇ ಆ ತರಗತಿಯಲ್ಲಿ ನಾನು ಭಾಗಾಕಾರಕ್ಕೆ ಕ್ಯಾಲ್ಕುಲೇಟರ್ ಮುಟ್ಟಿಸುವುದೇ ಇಲ್ಲ. 25 ಮಕ್ಕಳು, ಒಂದು ಆಟೋಗೆ 4 ಜನ, ಎಷ್ಟು ಆಟೋ ಬೇಕು ಅಂದರೆ 6.25 ಅಂತ ಬರೆದ ಮಕ್ಕಳನ್ನು ನೋಡಿದ್ದೇನೆ. ಏಳು ಆಟೋ ಅಂತ ಹೇಳಲು ಶೇಷ ಅಂದರೇನು ಅಂತ ಗೊತ್ತಿರಬೇಕು.

ಬೆಳಗಾವಿ_ಹುಡುಗಿ
ಅಮ್ಮನವರೇ, ಕೊಳ್ಳುವ ಮೊದಲು ಇನ್ನೊಂದು ನೋಡಿಕೊಳ್ಳಿ. 2 + 3 × 4 ಒತ್ತಿದರೆ ಹೆಚ್ಚಿನ ಸಾದಾ ಕ್ಯಾಲ್ಕುಲೇಟರ್ 20 ಅನ್ನುತ್ತದೆ, ಫೋನು 14 ಅನ್ನುತ್ತದೆ. ಸಾದಾದ್ದು ಬಂದ ಹಾಗೇ ಲೆಕ್ಕ ಮಾಡಿಕೊಂಡು ಹೋಗುತ್ತದೆ, ಗುಣಾಕಾರ ಮೊದಲು ಅನ್ನುವ ನಿಯಮ ಅದಕ್ಕಿಲ್ಲ. ಸರಿ ಉತ್ತರ 14. ಕ್ಲಾಸಿನಲ್ಲಿ ಅರ್ಧ ಮಕ್ಕಳ ಹತ್ತಿರ ಒಂದು ಥರ, ಅರ್ಧ ಮಕ್ಕಳ ಹತ್ತಿರ ಇನ್ನೊಂದು ಥರ ಇದ್ದರೆ ಟೀಚರ್ ಪಾಡು ಕಷ್ಟ. ಯಾವ ಮಾದರಿ ಅಂತ ಕೇಳಿಕೊಂಡೇ ತನ್ನಿ.

ಮೈಸೂರು_ಅಮ್ಮ
ಇದು ನಿಜಕ್ಕೂ ಉಪಯೋಗಕ್ಕೆ ಬಂತು. ಅಂಗಡಿಯಲ್ಲಿ ಒತ್ತಿ ನೋಡಿಯೇ ತರುತ್ತೇನೆ. ಮೀಟಿಂಗಿಗೆ ಕೇಳಬೇಕಾದದ್ದು ಬರೆದುಕೊಂಡೆ: ಏನು ಮಾಡಿಸುತ್ತೀರಿ, ವಾರಕ್ಕೆ ಎಷ್ಟು ಪೀರಿಯಡ್, ಟೆಸ್ಟಿಗೆ ಬಿಡುತ್ತೀರಾ, ಮಗ್ಗಿ ಯಾವಾಗ ಹೇಳಿಸುತ್ತೀರಿ. ಕ್ಯಾಲ್ಕುಲೇಟರನ್ನು ಸ್ಕೂಲಿನಲ್ಲೇ ಇಟ್ಟುಕೊಳ್ಳಿ, ಮನೆಗೆ ಕಳಿಸಬೇಡಿ ಅಂತಲೂ ಕೇಳುತ್ತೇನೆ.

ಸಿಂಗಾಪುರದಿಂದ
ಸ್ಕೂಲಿನಲ್ಲೇ ಇಡುವುದು ಒಳ್ಳೆಯ ಉಪಾಯ. ಮನೆಯಲ್ಲಿ ಫೋನನ್ನೂ ಹೋಂವರ್ಕ್ ಮುಗಿಯುವ ತನಕ ಬೇರೆ ರೂಮಿನಲ್ಲಿಡಿ. ಈಗ ಮಕ್ಕಳು ಒತ್ತುವುದೂ ಇಲ್ಲ, ಬಾಯಲ್ಲೇ ಕೇಳಿಬಿಡುತ್ತಾರೆ.

ಲೀಡ್ಸ್_ಕನ್ನಡಿಗ
ಮೇಷ್ಟ್ರೇ, ಮಗಳಿಗೆ 6174 ಕೊಟ್ಟೆ. ಗಡಿಯಾರ ಇಲ್ಲದ ಗಣಿತ ಅಂತ ಕೂತುಬಿಟ್ಟಿದ್ದಾಳೆ. ಮೂರಂಕಿಗೂ ಇಂಥದ್ದು ಇದೆಯಾ ಅಂತ ಕೇಳುತ್ತಿದ್ದಾಳೆ, ಏನು ಹೇಳಲಿ?

ಲೆಕ್ಕದ_ಮೇಷ್ಟ್ರು
ಇದೆ ಅಂತ ಮಾತ್ರ ಹೇಳಿ, ಸಂಖ್ಯೆ ಹೇಳಬೇಡಿ. ಮಧ್ಯದ ಅಂಕಿ ಪ್ರತಿ ಸಲ ಏನು ಬರುತ್ತದೆ ಅಂತ ಗಮನಿಸಲಿ.